ಕಡಲ ತಡಿಯಲ್ಲಿ ನೆಲೆನಿಂತ ಕವಿ

ಊರು ಬಿಟ್ಟು ಪಟ್ಟಣ ಸೇರಿದವರ ಕಥೆ ನಮ್ಮ ಗಡಿನಾಡಿನಲ್ಲಿ ಮನೆಗೊಂದರಂತೆ ದೊರೆಯುತ್ತದೆ. ಪಟ್ಟಣವನ್ನು ಬಿಟ್ಟು ಕಡಲ ತಡಿಯ ಹಳ್ಳಿಗೆ ಬಂದು ಬಾಳೆಲ್ಲ ಅಲ್ಲಿಯೇ ನೆಲೆನಿಂತವರು ವಿರಳ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು ಅಂಥವರಲ್ಲೊಬ್ಬರು.

ಪೈಗಳು 1883ನೆಯ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಸಾಹುಕಾರ ತಿಮ್ಮಪ್ಪ ಪೈಗಳು ಮಂಗಳೂರಿನವರು, ತಾಯಿ ದೇವಕಿಯಮ್ಮ. ಬಾಲ್ಯದ ವಿದ್ಯಾಭ್ಯಾಸ ಮಂಗಳೂರಿನಲ್ಲಿ ನಡೆಯಿತು. ಪಂಜೆ ಮಂಗೇಶರಾಯರಂತಹ ಗುರುಗಳು ಅಲ್ಲಿ ದೊರೆತರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಪರೀಕ್ಷೆಗೆ ಕುಳಿತಿದ್ದಾಗ ತಂದೆಯವರ ನಿಮಿತ್ತ ಮನೆಯಿಂದ ಕರೆ ಬಂತು. ಪರೀಕ್ಷೆ ಅರ್ಧಕ್ಕೇ ನಿಂತಿತು. ಬರೆದಿದ್ದ ಇಂಗ್ಲಿಷ್ ಭಾಗಕ್ಕೆ ಚಿನ್ನದ ಪದಕ ಬಂತು; ಪದವಿ ಮಾತ್ರ ಬರಲಿಲ್ಲ.

ತರುವಾಯ ಮಾತಾಮಹರ ಆಸ್ತಿಗೆ ಹಕ್ಕುದಾರರಾಗಿ ಅವರು ಮಂಜೇಶ್ವರಕ್ಕೆ ಬಂದು ನೆಲೆಸಿದರು. ಮಂಗಳೂರಿಗೂ ಈ ಊರಿಗೂ ಇರುವ ದೂರ ಸುಮಾರು 20 ಕಿಲೋಮೀಟರು. ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಒಂದೇ ಮದರಾಸು ಪ್ರಾಂತ. ಆ ಹಾದಿಯಲ್ಲಿ ಮುಂದೊಂದು ದಿನ ಗಡಿಯ ಕಲ್ಲು ನೆಡಲ್ಪಡುವುದೆಂದು ಆಗ ಯಾರು ತಾನೇ ಎಣಿಸಿಯಾರು!

ಪದವಿಯಿಲ್ಲ, ಅಧಿಕಾರವಿಲ್ಲ, ಸಮೀಪದಲ್ಲಿ ವಿಶ್ವವಿದ್ಯಾಲಯವಿಲ್ಲ. ಪೈಗಳು ತಮ್ಮ ಮನೆಯನ್ನೇ ಗ್ರಂಥಭಂಡಾರವನ್ನಾಗಿ ಮಾಡಿಕೊಂಡರು. ಮನೆಮಾತು ಕೊಂಕಣಿ, ಬೀದಿಗಿಳಿದರೆ ತುಳು, ಮಲಯಾಳ, ಬ್ಯಾರಿ. ಬರೆಯಲು ಆರಿಸಿಕೊಂಡದ್ದು ಕನ್ನಡ. ಅವರು 25 ಭಾಷೆಗಳನ್ನು ಬಲ್ಲವರಾಗಿದ್ದರೆಂದು ಜನ ಹೇಳುವುದುಂಟು. ಆ ಲೆಕ್ಕದ ಗೋಜು ನಮಗೆ ಬೇಡ. ಜಪಾನಿನ ನೋ ನಾಟಕಗಳು ಈ ಕಡಲೂರಿನಿಂದ ಕನ್ನಡಕ್ಕೆ ಬಂದುವೆಂಬುದಷ್ಟೇ ಸಾಕು.

ಕಡಲಿನ ಮಾತು ಬಂದಾಗ ಅವರ ಸಂಶೋಧನೆಯೊಂದನ್ನು ಹೇಳದೆ ಮುಂದೆ ಹೋಗಲಾರೆವು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಖಾರಿಟಿಯಾನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದಲ್ಲಿ ಸೆರೆ ಸಿಕ್ಕಿರುತ್ತಾಳೆ. ಆಕೆಯ ಅಣ್ಣ ಅಲ್ಲಿಗೆ ಬಂದು, ರಾಜನಿಗೂ ಪರಿವಾರಕ್ಕೂ ಮದ್ಯವನ್ನು ಕುಡಿಸಿ, ತಂಗಿಯನ್ನು ಹಡಗಿನಲ್ಲಿ ಪಾರುಮಾಡುತ್ತಾನೆ. ತೀರದ ಜನರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಸೂಚಿಸಿದ್ದರು. ಪೈಗಳು ಆ ಪಕ್ಷವನ್ನು ಹಿಡಿದು ಪದಪದವನ್ನೂ ಶೋಧಿಸಿದರು. ತುಳುವೆಂಬವರಿದ್ದಾರೆ, ಬರಿಯ ಗದ್ದಲದ ಶಬ್ದಗಳೆಂಬವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಪಡುಗಡಲ ತೀರದಲ್ಲಿ ಕುಳಿತೊಬ್ಬರು, ತಮ್ಮ ತೀರದ ನುಡಿ ಅಷ್ಟು ಹಿಂದೆ ಹಡಗೇರಿ ಹೋಯಿತೇ ಎಂದು ಹುಡುಕಿದ ಆ ಶ್ರಮ ನಮಗೆ ಬಲು ಪ್ರಿಯವಾದುದು.

ಕಾವ್ಯದಲ್ಲಿ ಅವರ ಸಾಹಸ ಸರ್ವವಿದಿತ. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟರು. ಅಂದಿನ ಪಂಡಿತರಿಗೆ ಅದೊಂದು ಅಪಚಾರವೇ ಸರಿ. 1930ರಲ್ಲಿ ‘ಗಿಳಿವಿಂಡು’ ಬಂತು. ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ, ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದರು. ಶೈಲಿ ಕಠಿನ, ತರಗತಿಯಲ್ಲಿ ಪಾಠ ಹೇಳುವ ನಮ್ಮಂಥವರ ಮೇಜಿನ ಮೇಲೂ ನಿಘಂಟು ತೆರೆದೇ ಇರಬೇಕು. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರ ಮುಂಬಯಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

1956ನೆಯ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಪೈಗಳಿಗಾಗ 73 ವರ್ಷ. ಮನೆಯಿಂದ ಒಂದು ಹೆಜ್ಜೆಯೂ ಕದಲದೆ ಅವರು ಬೇರೊಂದು ರಾಜ್ಯದವರಾದರು. ಹಿಂದೆ ಮದರಾಸು, ಆಮೇಲೆ ಕೇರಳ: ಕನ್ನಡದ ಈ ರಾಷ್ಟ್ರಕವಿಯ ಮನೆ ಏಕೀಕೃತ ಕನ್ನಡ ನಾಡಿನೊಳಗೆ ಒಂದು ದಿನವೂ ಇರಲಿಲ್ಲ. ಆದರೂ ಮಂಗಳೂರಿಗೆ ಹಿಂದಿರುಗಲಿಲ್ಲ. ಹೆಸರಿನ ಮೊದಲಲ್ಲಿದ್ದ ಊರು ಬದುಕಿಗೂ ಊರಾಗಿಯೇ ಉಳಿಯಿತು. 1963ನೆಯ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತಾದರೂ ಅದು ಕಾಗದದಲ್ಲಿಯೇ ಉಳಿಯಿತು.

ಅವರ ಗ್ರಂಥಗಳು ಗಡಿ ದಾಟಿ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿದುವು, ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ. ಮನೆ ಮಂಜೇಶ್ವರದಲ್ಲಿಯೇ ಇದ್ದು, ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ. ಪದವಿ ಪಡೆಯದ ಆ ವಿದ್ವಾಂಸರ ಹೆಸರನ್ನು ಹೊತ್ತ ಸರಕಾರಿ ಕಾಲೇಜೂ ಅದೇ ಊರಿನಲ್ಲಿದೆ.