ಹೊಟ್ಟೆಯ ಯೀಸ್ಟ್ ಮೇಲಿನ ಹಳೆಯ ಆರೋಪ ಮತ್ತು ಯಲ್ಲಾಪ್ರಗಡ ಸುಬ್ಬರಾವ್

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಜನರು ಆರೋಗ್ಯದ ಮಾಹಿತಿಯನ್ನು ಎಲ್ಲಿಂದ ಪಡೆಯುತ್ತಾರೆ ಎಂದು ಕೇಳುತ್ತಾ ಓಡಾಡಿದಾಗ ಒಂದು ವಾಟ್ಸಾಪ್ ಸಂದೇಶ ನಮಗೆ ಮತ್ತೆ ಮತ್ತೆ ಎದುರಾಯಿತು. ಸುಸ್ತು, ಗ್ಯಾಸ್, ತಲೆನೋವು, ಚರ್ಮದ ತುರಿಕೆ ಎಲ್ಲಕ್ಕೂ ದೇಹದಲ್ಲಿ ಬೆಳೆದ ಯೀಸ್ಟೇ ಕಾರಣವಂತೆ. ಮುದ್ದೆ, ಅನ್ನ, ದೋಸೆ, ಬೆಲ್ಲ ಬಿಟ್ಟು, ಹಸಿ ಬೆಳ್ಳುಳ್ಳಿ ಮತ್ತು ಕೊಬ್ಬರಿ ಎಣ್ಣೆ ತೆಗೆದುಕೊಂಡರೆ ಯೀಸ್ಟ್ ಸತ್ತು ಹೊರಬರುತ್ತದಂತೆ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹೆಣ್ಣುಮಗಳೊಬ್ಬರು ಇದನ್ನು ನಂಬಿ ಎರಡು ತಿಂಗಳಿಂದ ಮುದ್ದೆ ಬಿಟ್ಟಿದ್ದರು. ತೂಕ ಇಳಿದಿತ್ತು, ತುರಿಕೆ ಮಾತ್ರ ಹೋಗಿರಲಿಲ್ಲ.

ಹೊಟ್ಟೆಯ ಯೀಸ್ಟ್ ಮೇಲೆ ಇಂಥ ಆರೋಪ ಬಂದಿರುವುದು ಇದೇ ಮೊದಲಲ್ಲ. ನೂರು ವರ್ಷಗಳ ಹಿಂದೆ ದೊಡ್ಡ ವೈದ್ಯರೇ ಈ ಆರೋಪ ಮಾಡಿದ್ದರು. ಅದು ಸುಳ್ಳೆಂದು ಸ್ಪಷ್ಟವಾಗಲು ನೆರವಾದವರಲ್ಲಿ ನಮ್ಮ ಪಕ್ಕದ ಆಂಧ್ರದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಪ್ರಮುಖರು. ಕನ್ನಡ, ತೆಲುಗು ಎರಡನ್ನೂ ಆಡುವ ಈ ಗಡಿನಾಡಿನಲ್ಲೂ ನಾವು ಮಾತನಾಡಿಸಿದವರಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಹಾಗಾಗಿ ಯೀಸ್ಟಿನ ಕಥೆಯನ್ನು ಅವರ ಬದುಕಿನ ಮೂಲಕವೇ ಹೇಳುತ್ತೇವೆ.

ಮನೆಗೇ ಬಂದ ರೋಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ತಂದೆ ಕಂದಾಯ ಇಲಾಖೆಯ ನೌಕರ, ಅನಾರೋಗ್ಯದಿಂದ ಬೇಗನೆ ಕೆಲಸ ಬಿಟ್ಟವರು. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗ ಸುಬ್ಬರಾವ್ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುವ ಆಸೆಯಿಂದ ಮನೆ ಬಿಟ್ಟು ಓಡಿದ್ದರು. ಮೆಟ್ರಿಕ್ಯುಲೇಷನ್ ಪಾಸಾಗಲು ಮೂರು ಪ್ರಯತ್ನ ಬೇಕಾಯಿತು. ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗಬೇಕೆಂದಿದ್ದರೂ ತಾಯಿ ಒಪ್ಪಲಿಲ್ಲ. ಕೊನೆಗೆ ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿ ತೊಟ್ಟು ಹೋದದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಅವರಿಗೆ ಪೂರ್ಣ ಎಂಬಿಬಿಎಸ್ ಬದಲು ಎಲ್‌ಎಂಎಸ್ ಎಂಬ ಕೆಳದರ್ಜೆಯ ಪದವಿ ಸಿಕ್ಕಿತು.

ಅದೇ ಕಾಲಕ್ಕೆ ಮನೆಯ ಮೇಲೆ ದೊಡ್ಡ ಪೆಟ್ಟು ಬಿತ್ತು. ಸ್ಪ್ರೂ ಎಂಬ ರೋಗಕ್ಕೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಈ ರೋಗದಲ್ಲಿ ತಿಂಗಳುಗಟ್ಟಲೆ ಬೇಧಿ, ನಾಲಿಗೆ ಹುಣ್ಣು, ರಕ್ತಹೀನತೆ ಕಾಣಿಸಿಕೊಳ್ಳುತ್ತವೆ. ತಿಂದದ್ದು ಮೈಗೆ ಹತ್ತದೆ ಮನುಷ್ಯ ಸವೆದು ಹೋಗುತ್ತಾನೆ. ನಮ್ಮ ಹಿರಿಯರು ಗ್ರಹಣಿ ಎಂದು ಕರೆಯುತ್ತಿದ್ದ ರೋಗಗಳ ಸಾಲಿಗೆ ಇದು ಹತ್ತಿರ. ಸುಬ್ಬರಾವ್ ಅವರಿಗೂ ಸ್ಪ್ರೂ ತಗುಲಿತು.

ಅವರಿಗೆ ಚಿಕಿತ್ಸೆ ನೀಡಿದವರು ಮದ್ರಾಸಿನ ಪ್ರಸಿದ್ಧ ಆಯುರ್ವೇದ ವೈದ್ಯ ಅಚಂತ ಲಕ್ಷ್ಮೀಪತಿ. ಸುಬ್ಬರಾವ್ ಚೇತರಿಸಿಕೊಂಡರು. ಮುಂದೆ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲೇ ಅಂಗರಚನಾಶಾಸ್ತ್ರ ಪಾಠ ಮಾಡಿದರು. ಇಲ್ಲೊಂದು ಸೂಕ್ಷ್ಮವಿದೆ. ಒಬ್ಬರು ಗುಣವಾದರೆಂದ ಮಾತ್ರಕ್ಕೆ ಯಾವುದರಿಂದ ಗುಣವಾದರು ಎಂದು ಹೇಳಲಾಗುವುದಿಲ್ಲ. ಔಷಧಿ, ಪಥ್ಯ, ವಿಶ್ರಾಂತಿ, ದೇಹದ ಸ್ವಂತ ಶಕ್ತಿ ಎಲ್ಲವೂ ಒಟ್ಟಿಗೆ ಕೆಲಸ ಮಾಡಿರುತ್ತವೆ. ಸುಬ್ಬರಾವ್ ಗುಣವಾದಲ್ಲಿಗೇ ನಿಲ್ಲದೆ ರೋಗಗಳ ಕಾರಣ ಹುಡುಕುವ ದಾರಿ ಹಿಡಿದರು. 1922ರ ಅಕ್ಟೋಬರ್‌ನಲ್ಲಿ, ಮಾವ ಮತ್ತು ಹಿತೈಷಿಗಳ ನೆರವಿನಿಂದ, ಅಮೆರಿಕದ ಬಾಸ್ಟನ್‌ಗೆ ಬಂದಿಳಿದರು.

ಯೀಸ್ಟ್ ಆರೋಪಿಯಾದದ್ದು ಹೇಗೆ?

ಆ ಹೊತ್ತಿಗೆ ಸ್ಪ್ರೂ ಬಗ್ಗೆ ಒಂದು ಜನಪ್ರಿಯ ವಾದವಿತ್ತು. ಪೋರ್ಟೊರಿಕೊದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಸೇನಾವೈದ್ಯ ಬೈಲಿ ಆಶ್‌ಫರ್ಡ್, ರೋಗಿಗಳ ನಾಲಿಗೆ ಮತ್ತು ಮಲದಲ್ಲಿ ಒಂದು ಬಗೆಯ ಯೀಸ್ಟನ್ನು ಕಂಡಿದ್ದರು. ಅದನ್ನು ಮೊನಿಲಿಯಾ ಎಂದು ಕರೆದು, ಅದೇ ಸ್ಪ್ರೂ ರೋಗದ ಕಾರಣ ಎಂದರು. ರೋಗಿಗಳ ಮಲ ಹುಳಿ ಬಂದಂತೆ ನೊರೆಯಾಗಿರುತ್ತಿತ್ತು, ನಾಲಿಗೆ ಕೆಂಪಾಗಿರುತ್ತಿತ್ತು. ಯೀಸ್ಟ್ ಮೇಲೆ ಅನುಮಾನ ಬರುವುದು ಸಹಜವೇ. ಆಶ್‌ಫರ್ಡ್ ಸಾಮಾನ್ಯ ವೈದ್ಯರಲ್ಲ. ಕೊಕ್ಕೆಹುಳುವಿನಿಂದ ಬರುವ ರಕ್ತಹೀನತೆಯನ್ನು ಗುರುತಿಸಿ ಸಾವಿರಾರು ಜನರನ್ನು ಉಳಿಸಿದವರು.

ಆದರೆ ಅದೇ ಯೀಸ್ಟ್ ಆರೋಗ್ಯವಂತರ ಬಾಯಿ ಮತ್ತು ಕರುಳಿನಲ್ಲೂ ಸಿಕ್ಕಿತು. ಇಂದು ನಾವು ಅದನ್ನು ಕ್ಯಾಂಡಿಡಾ ಎನ್ನುತ್ತೇವೆ. ಅದು ಬಹಳಷ್ಟು ಜನರ ದೇಹದಲ್ಲಿ ಯಾವ ತೊಂದರೆಯೂ ಕೊಡದೆ ಬದುಕುವ ಶಿಲೀಂಧ್ರ. ರೋಗ ಇದ್ದಲ್ಲಿ ಯೀಸ್ಟ್ ಸಿಕ್ಕಿತು ಎಂದರೆ ಯೀಸ್ಟೇ ರೋಗ ತಂದಿತು ಎಂದು ಅರ್ಥವಲ್ಲ. ಬೆಂಕಿ ಬಿದ್ದ ಮನೆಯ ಮುಂದೆಲ್ಲ ಜನ ಸೇರಿರುತ್ತಾರೆ, ಹಾಗೆಂದು ಬೆಂಕಿ ಇಟ್ಟವರು ಅವರಲ್ಲ.

ಆಶ್ಚರ್ಯವೆಂದರೆ, ಪರಿಹಾರದ ಸುಳಿವು ಸಿಕ್ಕಿದ್ದೂ ಯೀಸ್ಟಿನಲ್ಲೇ. 1931ರ ಹೊತ್ತಿಗೆ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ, ಬೊಂಬಾಯಿಯ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಮಾರ್ಮೈಟ್‌ನಿಂದ ಗುಣವಾಗುವುದನ್ನು ತೋರಿಸಿದರು. ಮಾರ್ಮೈಟ್ ಎಂದರೆ ಯೀಸ್ಟಿನ ಸಾರ. ಅದರಲ್ಲಿದ್ದ ಪೋಷಕಾಂಶವೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದರಿಂದ, ಲ್ಯಾಟಿನ್ನಿನಲ್ಲಿ ಎಲೆಗೆ ಇರುವ ಪದದಿಂದ ಈ ಹೆಸರು ಬಂತು.

ಹಾರ್ವರ್ಡ್‌ನಿಂದ ಲೆಡರ್ಲಿಗೆ

ಬಾಸ್ಟನ್ನಿನಲ್ಲಿ ಸುಬ್ಬರಾವ್ ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೂಲಿ ಕೆಲಸ ಮಾಡಿದರು. ಹಗಲು ಹಾರ್ವರ್ಡ್‌ನಲ್ಲಿ ಓದು, ಸಂಶೋಧನೆ. ಸೈರಸ್ ಫಿಸ್ಕ್ ಜೊತೆ 1925ರಲ್ಲಿ ಅವರು ರೂಪಿಸಿದ ರಂಜಕ ಅಳೆಯುವ ವಿಧಾನವನ್ನು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಜೀವಕೋಶಗಳ ಶಕ್ತಿಯ ನಾಣ್ಯವಾದ ಎಟಿಪಿ ಬಗ್ಗೆ ಇವರಿಬ್ಬರ ಶೋಧ ಪ್ರಕಟವಾಯಿತು. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ಲೆಡರ್ಲಿ ಔಷಧ ಕಂಪನಿ ಸೇರಿ, ಬೇಗನೆ ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಬಲುಬೇಗ ಟಾಮ್ ಸ್ಪೀಸ್ ಎಂಬ ವೈದ್ಯರು ಕ್ಯೂಬಾದ ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ರಕ್ತ ಸುಧಾರಿಸಿತು, ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು. ಯೀಸ್ಟನ್ನು ಯಾರೂ ಕೊಂದಿರಲಿಲ್ಲ. ಕಾಯಿಲೆಬಿದ್ದ ಕರುಳು ಹೀರಿಕೊಳ್ಳಲಾಗದೆ ಹೋದ ಪೋಷಕಾಂಶವನ್ನು ತುಂಬಿಕೊಟ್ಟಿದ್ದರು, ಅಷ್ಟೇ. ಇಬ್ಬರು ಸಹೋದರರನ್ನು ನುಂಗಿದ ರೋಗಕ್ಕೆ ಸುಮಾರು 24 ವರ್ಷಗಳ ನಂತರ ಸುಬ್ಬರಾವ್ ಮದ್ದು ಒದಗಿಸಿದ್ದರು.

ಆ ಪ್ರಯೋಗಾಲಯದಿಂದ ಬಂದದ್ದು ಅದೊಂದೇ ಅಲ್ಲ. ಆನೆಕಾಲು ರೋಗದ ಔಷಧಿ ಡೈಈಥೈಲ್‌ಕಾರ್ಬಮಜಿನ್, ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ದಾರಿ ಮಾಡಿದ ಅಮಿನೊಪ್ಟೆರಿನ್, ಮತ್ತು ಅವರ ಸಹೋದ್ಯೋಗಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಕಂಡ ಆರಿಯೊಮೈಸಿನ್ ಕೂಡ ಅಲ್ಲಿನವೇ. ಆರಿಯೊಮೈಸಿನ್ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆಂಟಿಬಯಾಟಿಕ್. ಸ್ಪ್ರೂ ರೋಗಕ್ಕೆ ಇಂದಿಗೂ ಫೋಲಿಕ್ ಆಮ್ಲದ ಜೊತೆ ಟೆಟ್ರಾಸೈಕ್ಲಿನ್ ಕೊಡುತ್ತಾರೆ. ಎರಡರ ಬೇರೂ ಒಂದೇ ಪ್ರಯೋಗಾಲಯದಲ್ಲಿದೆ.

ಯೀಸ್ಟ್ ನಿಜವಾಗಿ ಬೆಳೆಯುವುದು ಯಾವಾಗ?

ಆಂಟಿಬಯಾಟಿಕ್‌ಗಳ ಬಳಕೆ ಹೆಚ್ಚಿದ ಮೇಲೆ ವೈದ್ಯರು ಒಂದು ಹೊಸ ತೊಂದರೆ ಕಂಡರು. ನಮ್ಮ ದೇಹದ ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗ ಮತ್ತು ಆಹಾರಕ್ಕೆ ಪೈಪೋಟಿ ಕೊಟ್ಟು ಯೀಸ್ಟನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಆಂಟಿಬಯಾಟಿಕ್ ಅವನ್ನೂ ಕೊಲ್ಲುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ಕಾವಲಿಲ್ಲದ ಹೊಲದಲ್ಲಿ ಕಳೆ ಬೆಳೆದಂತೆ ಕ್ಯಾಂಡಿಡಾ ಬೆಳೆಯುತ್ತದೆ. ಇದಕ್ಕೆ ಪರಿಹಾರ ಹುಡುಕಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಅವರು 1950ರಲ್ಲಿ ಪ್ರಕಟಿಸಿದ ನಿಸ್ಟಾಟಿನ್ ಕೂಡ ಮಣ್ಣಿನ ಸೂಕ್ಷ್ಮಜೀವಿಯ ಕೊಡುಗೆ.

ಹಾಗಾಗಿ ಯೀಸ್ಟ್ ಸೋಂಕು ಸುಳ್ಳಲ್ಲ. ನಾಲ್ವರು ಮಹಿಳೆಯರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆ. ಅದಕ್ಕೆ ನಿರ್ದಿಷ್ಟ ಕಾರಣಗಳಿರುತ್ತವೆ: ಆಂಟಿಬಯಾಟಿಕ್ ಸೇವನೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಕೆಲವು ಮಧುಮೇಹದ ಮಾತ್ರೆಗಳು, ಗರ್ಭಾವಸ್ಥೆ, ಸ್ಟೀರಾಯ್ಡ್, ಕುಗ್ಗಿದ ರೋಗನಿರೋಧಕ ಶಕ್ತಿ. ಬಾಯಲ್ಲಿ ಬಿಳಿ ಪದರ, ಗುಪ್ತಾಂಗದಲ್ಲಿ ತುರಿಕೆ ಮತ್ತು ಮೊಸರಿನಂಥ ಸ್ರಾವ, ಚರ್ಮದ ಮಡಿಕೆಗಳಲ್ಲಿ ಕೆಂಪು ಉರಿ ಇದರ ಲಕ್ಷಣಗಳು. ಬರೀ ಸುಸ್ತು, ತಲೆನೋವು, ಗ್ಯಾಸ್ ಅಲ್ಲ.

ಸುಸ್ತಿಗೆಲ್ಲ ಯೀಸ್ಟೇ ಕಾರಣ ಎಂಬ ವಾದ 1980ರ ದಶಕದಲ್ಲಿ ಅಮೆರಿಕದಲ್ಲಿ ಮತ್ತೆ ಹಬ್ಬಿತು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 42 ಮಹಿಳೆಯರಿಗೆ ನಿಸ್ಟಾಟಿನ್ ಮತ್ತು ಹುಸಿ ಔಷಧಿ ಎರಡನ್ನೂ ಕೊಟ್ಟು ನೋಡಲಾಯಿತು. ಯೋನಿಯ ಲಕ್ಷಣಗಳು ನಿಸ್ಟಾಟಿನ್‌ನಿಂದ ಕಡಿಮೆಯಾದವು. ಸುಸ್ತಿನಂಥ ಇತರ ತೊಂದರೆಗಳಲ್ಲಿ ಅದು ಹುಸಿ ಔಷಧಿಗಿಂತ ಮೇಲೇನೂ ಅಲ್ಲ ಎಂದು ತಿಳಿಯಿತು.

ನೈಸರ್ಗಿಕ ಚಿಕಿತ್ಸೆಯ ಮಾತೇನು?

ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆಯ ಅಂಶಗಳು ಪ್ರಯೋಗಾಲಯದ ತಟ್ಟೆಯಲ್ಲಿ ಯೀಸ್ಟನ್ನು ತಡೆಯುತ್ತವೆ, ನಿಜ. ಆದರೆ ತಟ್ಟೆಯಲ್ಲಿ ಆದದ್ದು ದೇಹದಲ್ಲಿ ಆಗಬೇಕೆಂದಿಲ್ಲ. ಬೆಳ್ಳುಳ್ಳಿಯನ್ನು ಗುಪ್ತಾಂಗದಲ್ಲಿ ಇಟ್ಟರೆ ಚರ್ಮ ಸುಡಬಹುದು. ಮೊಸರು ಒಳ್ಳೆಯ ಆಹಾರ, ಆದರೆ ಸೋಂಕಿಗೆ ಮದ್ದು ಎನ್ನಲು ಗಟ್ಟಿ ಆಧಾರ ಸಾಲದು. ದೋಸೆ ಹಿಟ್ಟನ್ನು ಮುಖ್ಯವಾಗಿ ಹುಳಿಸುವವು ಬ್ಯಾಕ್ಟೀರಿಯಾಗಳು. ಅದನ್ನು ತಿಂದರೆ ಕ್ಯಾಂಡಿಡಾ ಬೆಳೆಯುವುದಿಲ್ಲ. ಮುದ್ದೆ ಬಿಟ್ಟರೆ ಯೀಸ್ಟ್ ಸಾಯುವುದೂ ಇಲ್ಲ.

ಯೀಸ್ಟನ್ನು ದೂರವಿಡಲು ನಿಜಕ್ಕೂ ನೆರವಾಗುವ ಸಹಜ ಕ್ರಮಗಳು ಸರಳ: ಅನಗತ್ಯ ಆಂಟಿಬಯಾಟಿಕ್ ನುಂಗದಿರುವುದು, ರಕ್ತದ ಸಕ್ಕರೆ ಹತೋಟಿ, ಒಣ ಹತ್ತಿ ಒಳಉಡುಪು, ಗುಪ್ತಾಂಗಕ್ಕೆ ಘಾಟು ಸೋಪು ಬಳಸದಿರುವುದು, ಉಸಿರಾಟದ ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸುವುದು. ಸೋಂಕು ಬಂದರೆ ಕ್ಲೋಟ್ರಿಮಜೋಲ್, ಫ್ಲುಕೊನಜೋಲ್‌ನಂಥ ಔಷಧಿಗಳಿವೆ, ವೈದ್ಯರ ಸಲಹೆಯಂತೆ. ಮತ್ತೆ ಮತ್ತೆ ಬಂದರೆ ಸಕ್ಕರೆ ಪರೀಕ್ಷೆ ಆಗಲೇಬೇಕು.

ಇನ್ನು ಸುಬ್ಬರಾವ್ ತಂಡ ತಯಾರಿಸಿದ ಫೋಲಿಕ್ ಆಮ್ಲದ ಸಹಜ ರೂಪ ಸೊಪ್ಪು, ಕಾಳುಗಳ ಜೊತೆ ಚಳ್ಳಕೆರೆಯ ಹೊಲಗಳ ಶೇಂಗಾದಲ್ಲೂ ಇದೆ. ಅದು ಕಾಳಿನಲ್ಲಿದೆ, ಗಾಣದಿಂದ ಬರುವ ಎಣ್ಣೆಯಲ್ಲಿ ಅಲ್ಲ. ಮಾತ್ರೆಯಾಗಿ ಬೇಕೆಂದರೆ ವೈದ್ಯರನ್ನು ಕೇಳಿ. ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳು ಹಾಳಾಗಬಹುದು.

ಕೊನೆಗೆ

ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ನಿದ್ರೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಭಾರತಕ್ಕೆ ಮರಳಲೇ ಇಲ್ಲ. ತಾವು ಬಿಟ್ಟು ಬಂದ ಮೇಲೆ ಹುಟ್ಟಿದ ಮಗನನ್ನು ನೋಡಲೂ ಆಗಲಿಲ್ಲ, ಮಗು ಎಳವೆಯಲ್ಲೇ ತೀರಿಕೊಂಡಿತ್ತು. 1995ರಲ್ಲಿ ಅವರ ಶತಮಾನೋತ್ಸವಕ್ಕೆ ಭಾರತ ಅಂಚೆಚೀಟಿ ಹೊರತಂದಿತು. 1953ರಲ್ಲೇ ಒಂದು ಶಿಲೀಂಧ್ರಕ್ಕೆ ಅವರ ಹೆಸರಿಟ್ಟು ಸುಬ್ಬರೊಮೈಸಿಸ್ ಎಂದು ಕರೆಯಲಾಗಿತ್ತು.

ಮೊಳಕಾಲ್ಮುರಿನ ಆ ಹೆಣ್ಣುಮಗಳು ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಮಿತಿ ಮೀರಿತ್ತು. ತೂಕ ಇಳಿದದ್ದಕ್ಕೂ, ತುರಿಕೆ ಮರುಕಳಿಸಿದ್ದಕ್ಕೂ ಅದೇ ಕಾರಣ ಎಂದರು ವೈದ್ಯರು. ಚಿಕಿತ್ಸೆ ಶುರುವಾಗಿದೆ. ವೈದ್ಯರು ಹೇಳಿದ ಅಳತೆಯಲ್ಲಿ ಮುದ್ದೆ ಮತ್ತೆ ತಟ್ಟೆಗೆ ಬಂದಿದೆ. ನಿಮಗೂ ಆ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಸಕ್ಕರೆ ಪರೀಕ್ಷೆ ಮಾಡಿಸಿ.