ಡಾ. ಎಂ. ವಿ. ಗೋವಿಂದಸ್ವಾಮಿ

ಮನಸ್ಸಿಗೋ ಮಿದುಳಿಗೋ ತಟ್ಟಿದ ಕಾಯಿಲೆ ಊರಿನಲ್ಲಿ ವಾಸಿಯಾಗದಿದ್ದರೆ ನಮ್ಮ ಅಡೂರಿನ ಕಡೆಯವರೂ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಹೆಸರೆತ್ತುತ್ತಾರೆ. ಆದರೆ ಅದಕ್ಕೆ ಅಡಿಪಾಯ ಹಾಕಿದ ಡಾ. ಗೋವಿಂದಸ್ವಾಮಿಯವರನ್ನು ನಾವು ಮರೆತೇಬಿಟ್ಟಿದ್ದೇವೆ.

ಇವರು ಹುಟ್ಟಿದ್ದು 1904ರಲ್ಲಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ತರಬೇತಿ ಪಡೆದು ಬಂದು, ಬೆಂಗಳೂರಿನ ಸರಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾದರು. 1925ರವರೆಗೆ ಅದರ ಹೆಸರೇ ಹುಚ್ಚಾಸ್ಪತ್ರೆ! ಚಿತ್ತವಿಕಲರಿಗೆ ಕೊಡಲು ತಕ್ಕ ಔಷಧಿಯಿಲ್ಲದ ಕಾಲವದು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನು ಪೋರ್ಚುಗಲ್ಲಿನ ಮೋನಿಜ್ 1935ರಲ್ಲಿ ಆರಂಭಿಸಿದ್ದರು. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಾಲಕೃಷ್ಣರಾಯರೂ ಅದನ್ನು ಇಲ್ಲಿ ಕೈಗೊಂಡು, 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬರೆದರು. ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ರೋಗಿಯ ವ್ಯಕ್ತಿತ್ವವೇ ಮಂಕಾಗುವುದು ಕಂಡುಬಂದು, ಆ ಕ್ರಮವನ್ನು ಮುಂದೆ ಜಗತ್ತೇ ಕೈಬಿಟ್ಟಿತು. ಒಳ್ಳೆಯ ಉದ್ದೇಶವಿತ್ತೆಂದು ಇದನ್ನು ಮುಚ್ಚಿಡುವುದು ನಮಗೆ ಸರಿಕಾಣದು.

ಗೋವಿಂದಸ್ವಾಮಿಯವರು ಮಿದುಳಿಗಷ್ಟೇ ಅಂಟಿಕೊಂಡವರಲ್ಲ. ಭಾರತೀಯ ದರ್ಶನಗಳಲ್ಲಿ ಅವರಿಗೆ ಆಳವಾದ ಆಸಕ್ತಿ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಮೊದಲ ನಿರ್ದೇಶಕರು. ಅಲ್ಲಿ ಮರುವರ್ಷವೇ ವೈದ್ಯರಿಗೊಂದು, ಮನಶ್ಶಾಸ್ತ್ರ ಓದಿದವರಿಗೊಂದು ಡಿಪ್ಲೊಮಾ ತರಗತಿ ಜೊತೆಜೊತೆಯಾಗಿ ತೆರೆದವು. ಔಷಧಿ ಬಲ್ಲವನೂ ಮಾತು ಬಲ್ಲವನೂ ಒಂದೇ ಸೂರಿನಡಿ ಕಲಿತರು. ಅವರ ದೊಡ್ಡ ಕೆಲಸ ಇದೇ ಎಂದು ನಮ್ಮ ಎಣಿಕೆ.

1961ರಲ್ಲಿ ಅವರು ತೀರಿಕೊಂಡರು. ಅದೇ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಹೊಸದೊಂದು ಮಾತಿನ ಚಿಕಿತ್ಸೆಯನ್ನು ರೂಪಿಸಿದರು. ಒಂದು ಲೆಕ್ಕ ತಪ್ಪಿದೊಡನೆ ತಾನು ಯಾವುದಕ್ಕೂ ಬಾರದವನೆಂದು ಹುಡುಗನೊಬ್ಬ ಕುಗ್ಗುತ್ತಾನೆನ್ನಿ. ಆ ಯೋಚನೆ ನಿಜವೇ ಎಂದು ಅವನೇ ಪರೀಕ್ಷಿಸಿ, ಬೇರೆ ರೀತಿ ಯೋಚಿಸಿ ನಡೆಯುವ ಅಭ್ಯಾಸ ಮಾಡಿಸುವುದೇ ಅದರ ಕ್ರಮ. ನಡವಳಿಕೆಯ ಚಿಕಿತ್ಸೆಯೂ ಇದರೊಡನೆ ಬೆರೆಯಿತು.

ಬರಿಯ ಮಾತು, ಅಭ್ಯಾಸಗಳು ಮಿದುಳನ್ನು ಮುಟ್ಟುವುದುಂಟೇ? 1992ರಲ್ಲಿ ಅಮೆರಿಕದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಕೈ ತೊಳೆದದ್ದನ್ನೇ ತೊಳೆಯುವಂಥ ಗೀಳಿನ ರೋಗಿಗಳಲ್ಲಿ ಒಂಬತ್ತು ಮಂದಿಗೆ ಮಾತ್ರೆ, ಒಂಬತ್ತು ಮಂದಿಗೆ ನಡವಳಿಕೆಯ ಚಿಕಿತ್ಸೆ. ಸುಮಾರು ಹತ್ತು ವಾರಗಳ ಬಳಿಕ ಚಿತ್ರ ತೆಗೆದಾಗ, ಎರಡು ಗುಂಪಿನಲ್ಲೂ ಗುಣಮುಖರಾದವರ ಮಿದುಳಿನ ಕಾಡೇಟ್ ಎಂಬ ಭಾಗ ಮೊದಲಿಗಿಂತ ಕಡಿಮೆ ಸಕ್ಕರೆಯನ್ನು ಬಳಸುತ್ತಿತ್ತು. ಎಲ್ಲರೂ ಗುಣವಾಗಲಿಲ್ಲ, ತೀವ್ರ ರೋಗಕ್ಕೆ ಔಷಧಿ ಬೇಕೇ ಬೇಕು. ಆದರೂ ಕತ್ತಿ ಸೋಂಕದೆಯೇ ಮಿದುಳಿನ ನಡೆ ಬದಲಾಗಿತ್ತು.

ಗೋವಿಂದಸ್ವಾಮಿಯವರ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಮಿದುಳಿನ ಶಸ್ತ್ರಕ್ರಿಯೆಯ ವಿಭಾಗವೂ ಇದೆ, ಮಾತಿನಿಂದ ಚಿಕಿತ್ಸೆ ನೀಡುವ ವಿಭಾಗವೂ ಇದೆ.