ಎಡ್ವರ್ಡ್ ಜೆನ್ನರ್: ದೇಹದ ನೆನಪನ್ನು ಗುರುತಿಸಿದ ವೈದ್ಯ

ಅಭ್ಯಾಸ ಬೋಧನೆಗೆಂದು ಕಾಪು ಸಮೀಪದ ಪ್ರೌಢಶಾಲೆಯೊಂದರಲ್ಲಿ ರೋಗನಿರೋಧಕ ಶಕ್ತಿಯ ಪಾಠ ತೆಗೆದುಕೊಂಡಾಗ ನಾನು ಜೆನ್ನರ್ ಅವರ ಜೀವನವನ್ನೇ ಕಥೆಯಾಗಿ ಹೇಳಿದೆ. ಮಾರಿಗುಡಿ ಬಲ್ಲ ಮಕ್ಕಳಿಗೆ ಸಿಡುಬಿನ ಭಯವನ್ನು ವಿವರಿಸಲು ಹೆಚ್ಚು ಮಾತು ಬೇಕಾಗಲಿಲ್ಲ.

ಜೆನ್ನರ್ ಹುಟ್ಟಿದ್ದು 1749ರಲ್ಲಿ, ಇಂಗ್ಲೆಂಡಿನ ಬರ್ಕ್‌ಲಿಯಲ್ಲಿ. ಐದನೆಯ ವಯಸ್ಸಿಗೇ ತಂದೆ ತಾಯಿಯರನ್ನು ಕಳೆದುಕೊಂಡರು. ಲಂಡನ್ನಿನಲ್ಲಿ ಜಾನ್ ಹಂಟರ್ ಅವರ ಬಳಿ ಕಲಿತು, ಊರಿಗೆ ಮರಳಿ ವೈದ್ಯರಾದರು. ಆಗ ಸಿಡುಬಿನ ಕೀವನ್ನೇ ಚರ್ಮಕ್ಕೆ ಸೇರಿಸಿ ರೋಗ ತಡೆಯುವ ಪದ್ಧತಿಯಿತ್ತು. ಅದರಿಂದಲೇ ಕೆಲವರು ಸಾಯುತ್ತಿದ್ದರು.

ಹಾಲು ಕರೆಯುವಾಗ ಕೌಪಾಕ್ಸ್ ಎಂಬ ದನದ ಸಿಡುಬು ತಗಲಿದವರಿಗೆ ಮುಂದೆ ಸಿಡುಬು ಬಾರದೆಂದು ರೈತರು ನಂಬಿದ್ದರು. ಜೆನ್ನರ್ ಅಂಥವರ ವಿವರಗಳನ್ನು ಕಲೆಹಾಕಿದರು. ಮೇರಿ ಬಾರ್ಜ್ ಎಂಬಾಕೆಗೆ ಕೌಪಾಕ್ಸ್ ಬಂದು 31 ವರ್ಷವಾಗಿತ್ತು. 1791ರಲ್ಲಿ ಸಿಡುಬಿನ ಕೀವು ಹಾಕಿದಾಗ ಆಕೆಯ ತೋಳು ಬೇಗನೆ ಕೆಂಪಾಗಿ, ಕೆಲವೇ ದಿನಗಳಲ್ಲಿ ತಿಳಿಯಾಯಿತು, ರೋಗ ಬರಲಿಲ್ಲ. ಹಳೆಯ ಸೋಂಕನ್ನು ದೇಹ ಮರೆತಿರಲಿಲ್ಲ.

1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವವಳ ಕೈಯ ಕೌಪಾಕ್ಸ್ ಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದರು. ಜುಲೈನಲ್ಲಿ ಸಿಡುಬಿನ ಕೀವನ್ನೇ ಹಾಕಿದರೂ ಹುಡುಗನಿಗೆ ಏನೂ ಆಗಲಿಲ್ಲ. ಮಗುವಿನ ಮೇಲೆ ಇಂಥ ಪ್ರಯೋಗ ಸರಿಯೇ ಎಂದು ತರಗತಿಯಲ್ಲಿ ಚರ್ಚೆ ಎದ್ದಿತು. ಇಂದಿನ ನಿಯಮಗಳು ಅದನ್ನು ಒಪ್ಪುವುದಿಲ್ಲವೆಂದು ತಿಳಿಸಿದೆ. 1798ರಲ್ಲಿ ಪುಸ್ತಕ ಬಂತು. 1802ರಲ್ಲಿ ದಾಕು ಮುಂಬಯಿಗೂ ತಲುಪಿತು.

ಒಮ್ಮೆ ದಾಕು ಹಾಕಿದರೆ ಜೀವಮಾನವಿಡೀ ಸಾಕೆಂದು ಜೆನ್ನರ್ ನಂಬಿದ್ದರು. ಆದರೆ 1811ರಲ್ಲಿ, ಹತ್ತು ವರ್ಷ ಹಿಂದೆ ಸ್ವತಃ ಅವರೇ ದಾಕು ಹಾಕಿದ್ದ ಬಾಲಕನಿಗೆ ಸಿಡುಬು ಬಂತು. ಉಗ್ರವಾಗಿ ತೊಡಗಿದ ಕಾಯಿಲೆ ಬೇಗ ಇಳಿಯಿತು, ಹುಡುಗ ಉಳಿದ. 1823ರಲ್ಲಿ ಜೆನ್ನರ್ ತೀರಿಕೊಂಡ ಮೇಲೆ, ಮತ್ತೊಮ್ಮೆ ದಾಕು ಹಾಕುವ ಪದ್ಧತಿ ಬಳಕೆಗೆ ಬಂತು.

ಇಲ್ಲಿ ಒಬ್ಬ ವಿದ್ಯಾರ್ಥಿನಿ, ಎರಡು ಡೋಸ್ ಹಾಕಿಸಿಕೊಂಡ ತನ್ನ ಅಜ್ಜಿಗೂ ಕೋವಿಡ್ ಏಕೆ ಬಂತೆಂದು ಕೇಳಿದಳು. ರಕ್ತದ ಪ್ರತಿಕಾಯಗಳು ಕಾಲಕ್ರಮೇಣ ಕಡಿಮೆಯಾಗುತ್ತವೆ, ವೈರಾಣುವೂ ರೂಪ ಬದಲಿಸುತ್ತದೆ. ಹಾಗಾಗಿ ಸೋಂಕು ಮತ್ತೆ ತಗಲಬಹುದು. ಆದರೆ ನೆನಪಿನ ಕೋಶಗಳು ಉಳಿದಿದ್ದು, ಬೇಗ ಎಚ್ಚೆತ್ತು ಕಾಯಿಲೆಯ ತೀವ್ರತೆಯನ್ನು ತಗ್ಗಿಸುತ್ತವೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದೆ.

ಲಸಿಕೆಯ ಪಾಠದಲ್ಲಿ ರೋಗ ಬಂತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಬಾರದು. ಬಂದದ್ದು ಎಷ್ಟು ಹಗುರವಾಗಿ ಹೋಯಿತು ಎಂಬುದನ್ನೂ ಮಕ್ಕಳು ಕೇಳಬೇಕು. ಹಾಗೆ ಕೇಳಲು ಕಲಿತವರು, ಲಸಿಕೆ ಹಾಕಿಸಿಯೂ ಕಾಯಿಲೆ ಬಂದವರನ್ನು ಕಂಡು ಲಸಿಕೆಯನ್ನೇ ತಿರಸ್ಕರಿಸುವುದಿಲ್ಲ.